ಹೊಸ್ತಿಲ ಹೊರಗಿನ ಮಾತು

ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿ ಪಕ್ಕೀರಪ್ಪ ತಾಯಿಯನ್ನು ಕೇಳಿದ.

“ಯವ್ವಾ, ಅಪ್ಪ ನಿನಗ ಒಂದಿನಾನರ ಪ್ರೀತಿ ಮಾತು ಆಡ್ಯಾನೇನು?”

ಸುಂಕಣ್ಣನ ಬಾಯಲ್ಲಿದ್ದ ಹಸಿಮೆಣಸಿನಕಾಯಿ ನೆತ್ತಿಗೇರಿತು. ಕೆಮ್ಮುತ್ತಾ ತಂಬಿಗೆಗೆ ಕೈ ಚಾಚಿದ. ಊರಮ್ಮ ಮಗನ ಮುಖವನ್ನೇ ನೋಡಿ, ಬಿಸಿಲಾಗ ಬರಿತಲೀಲೆ ಬಂದಿಯೇನಲೇ ಎಂದಳು. ಸೊಸೆ ಸತ್ಯಮ್ಮ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುವುದನ್ನು ಮರೆತಳು.

“ಹೇಳಬೇ. ಆಡ್ಯಾನೋ ಇಲ್ಲೋ?”

“ಮಿಲ್ಲಿನ್ಯಾಗ ನನ್ನ ಸೆರಗು ಯಂತ್ರದ ಪಟ್ಟಾಕ ಸಿಕ್ಕಿತ್ತಲ್ಲ, ಅವತ್ತು ಓಡಿ ಬಂದು ಕೈ ಅದಾವೇನಂತ ಕೇಳಿದ್ದ.”

“ಅದು ಪ್ರೀತಿ ಮಾತಲ್ಲ.”

“ಹಂಗಾರ ಇಲ್ಲ,” ಎಂದು ಊರಮ್ಮ ಗಂಡನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

ಬಳ್ಳಾರಿಯ ಕೌಲ್ ಬಜಾರಿನ ಹಿಂದಿನ ಕೇರಿಯಲ್ಲಿ ಇಂಥ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಸುಂಕಣ್ಣ ಯುದ್ಧದ ಕಾಲದಲ್ಲಿ ಸೋಲ್ಜರುಗಳ ಬೂಟು ಹೊಲಿದವನು. ಅವರು ಹೋದ ಮೇಲೆ ರಸ್ತೆ ಬದಿಯ ಬೇವಿನ ಮರದ ಕೆಳಗೆ ಊರವರ ಮೆಟ್ಟು ಹೊಲಿಯುತ್ತಿದ್ದ. ಊರಮ್ಮ ಹತ್ತಿ ಮಿಲ್ಲಿನಲ್ಲಿ ಕಸ ಆರಿಸುತ್ತಿದ್ದಳು. ಮಗ ಪಕ್ಕೀರಪ್ಪ ಕೇರಿಯಲ್ಲಿ ಹತ್ತನೇ ಇಯತ್ತೆ ದಾಟಿದ ಮೊದಲನೆಯವನು. ಒಂದು ಸರ್ಕಾರಿ ಕಚೇರಿಯಲ್ಲಿ ಅವನಿಗೆ ಗುಮಾಸ್ತೆ ಕೆಲಸ ಸಿಕ್ಕಿತ್ತು. ಆ ವರ್ಷದ ಜನವರಿಯಲ್ಲಿ ಸಂವಿಧಾನ ಜಾರಿಗೆ ಬಂದಿತ್ತು. ಕಚೇರಿಯ ಕುಡಿಯುವ ನೀರಿನ ಮಡಕೆಯವರೆಗೆ ಅದು ಇನ್ನೂ ತಲುಪಿರಲಿಲ್ಲ. ಪಕ್ಕೀರಪ್ಪ ಮನೆಯಿಂದಲೇ ನೀರು ಒಯ್ಯುತ್ತಿದ್ದ.

ಆ ದಿನ ಮಧ್ಯಾಹ್ನ ಉಳಿದ ಗುಮಾಸ್ತರು ಡಬ್ಬಿ ಬಿಚ್ಚಿಕೊಂಡು ಇಂಗ್ಲಿಷ್ ಕಾದಂಬರಿಗಳ ಮಾತಾಡುತ್ತಿದ್ದರು. ಹೆಂಡತಿಗೆ ಹೇಳಬೇಕಾದದ್ದನ್ನು ಇಂಗ್ಲಿಷಿನಲ್ಲಿ ಹೇಳಿದರೇ ಚೆನ್ನ, ತೆಲುಗು ಕನ್ನಡದಲ್ಲಿ ಹೇಳಿದರೆ ನಾಟಕದ ಮಾತಾಗುತ್ತದೆ ಅಂತ ಅವರ ವಾದ. ಒಬ್ಬ ಇವನ ಕಡೆ ತಿರುಗಿ, ನಿಮ್ಮ ಕೇರಿಯಲ್ಲಿ ಹೆಂಡತಿಗೆ ಏನಂತಾರಯ್ಯ, ಬೈಗುಳ ಬಿಟ್ಟು ಹೇಳು ಅಂದ. ಎಲ್ಲರೂ ನಕ್ಕರು. ಪಕ್ಕೀರಪ್ಪನೂ ನಕ್ಕ. ಮನೆಗೆ ನಡೆಯುವ ದಾರಿ ಪೂರ್ತಿ ಉತ್ತರ ಹುಡುಕಿದ. ಸಿಗಲಿಲ್ಲ.

ಮುಂದಿನ ವಾರ ಬ್ರೂಸ್‌ಪೇಟೆಯ ಗುಜರಿ ಅಂಗಡಿಯಲ್ಲಿ ರಟ್ಟು ಕಿತ್ತುಹೋದ ಒಂದು ಇಂಗ್ಲಿಷ್ ಪುಸ್ತಕ ಕೊಂಡು ತಂದ. ದಂಪತಿಗಳು ಹೇಗೆ ಮಾತಾಡಬೇಕು ಎಂಬುದನ್ನು ಯಾರೋ ಒಬ್ಬ ಬಿಳಿಯ, ಬಿಳಿಯರಿಗಾಗಿ ಬರೆದದ್ದು. ಅದೇ ಹೊತ್ತಿಗೆ ಹೆಡ್ ಗುಮಾಸ್ತರಿಗೆ ವರ್ಗವಾಗಿ, ಹೊರಡುವ ಮೊದಲು ಜೂನಿನಲ್ಲಿ ಮನೆಯಲ್ಲಿ ಎಲ್ಲರಿಗೂ ಕಾಫಿ ಕೂಟ ಇಡುವುದೆಂದರು. ಕಾಲ ಬದಲಾಗಿದೆ ಪಕ್ಕೀರಪ್ಪ, ನೀನೂ ಬಾ, ಹೆಂಡತೀನೂ ಕರಕೊಂಡು ಬಾ ಎಂದು ಎಲ್ಲರೆದುರು ಹೇಳಿದರು. ನನ್ನ ಹೆಂಡತಿ ಇಂಗ್ಲಿಷ್ ಕಲೀತಾಳ ಸಾರ್ ಎಂದು ಅವನು ಆಗಲೇ ಹೇಳಿಬಿಟ್ಟ. ಹೇಳಿದ ಮೇಲೆ ಕಲಿಸಲೇಬೇಕಾಯಿತು.

ಸತ್ಯಮ್ಮನ ಆಸೆ ಬೇರೆಯೇ ಇತ್ತು. ಅವಳು ಸಿರುಗುಪ್ಪದ ಕಡೆಯ ರಾರಾವಿಯವಳು. ಸಾಲಿಯ ಹೊರಗಿನ ಕಟ್ಟೆಯ ಮೇಲೆ ಕೂತು, ಒಳಗಿನ ಪಾಠ ಹೊರಗಿನಿಂದ ಕೇಳಿ ಕಲಿತವಳು. ಐದನೇ ಇಯತ್ತೆಯ ಪರೀಕ್ಷೆಗೆ ಅಪ್ಪ ಅವಳನ್ನು ಸಿರುಗುಪ್ಪಕ್ಕೆ ಬಂಡಿಯಲ್ಲಿ ಕರೆದೊಯ್ದಿದ್ದ. ಅಲ್ಲಿ ಅವಳು ಪಾಠ ಹೇಳುವ ಒಬ್ಬ ಪಂತುಲಮ್ಮನನ್ನು ಕಂಡಳು. ಕೈಯಲ್ಲಿ ಸೀಮೆಸುಣ್ಣ ಹಿಡಿದು ನಿಂತ ಹೆಂಗಸಿನ ಮಾತನ್ನು ಗಂಡುಮಕ್ಕಳು ತಲೆ ತಗ್ಗಿಸಿ ಕೇಳುತ್ತಿದ್ದರು. ಅವತ್ತಿನಿಂದ ತಾನೂ ಪಂತುಲಮ್ಮ ಆಗಬೇಕೆಂಬುದೊಂದೇ ಅವಳ ಹಟ. ಮದುವೆಯಾಗಿ ಬಳ್ಳಾರಿಗೆ ಬಂದಮೇಲೆ ಮಿಷನ್ ಕಂಪೌಂಡಿನಲ್ಲಿ ದೊಡ್ಡ ಹೆಂಗಸರಿಗೂ ಸಾಲಿ ಇದೆ, ಓದಿದರೆ ಮುಂದೆ ಟ್ರೇನಿಂಗ್‌ಗೆ ಕಳಿಸುತ್ತಾರೆ ಎಂದು ತಿಳಿಯಿತು. ಜೂನಿಗೆ ಸೇರಿಸಿಕೊಳ್ಳುತ್ತಾರೆ. ಆದರೆ ಗಂಡ ಖುದ್ದು ಬಂದು ಒಪ್ಪಿಗೆ ಹೇಳಬೇಕು. ಪಕ್ಕೀರಪ್ಪ ನೋಡೋಣ, ನೋಡೋಣ ಎನ್ನುತ್ತಲೇ ಇದ್ದ. ಈಗ ಅವನಿಗೊಂದು ದಾರಿ ಕಂಡಿತು.

“ನಾ ಹೇಳಿಕೊಟ್ಟ ಮಾತು ಕಲಿ. ಕೂಟದಾಗ ನನ್ನ ಮಾನ ಉಳಿಸು. ಮರುದಿನಾನ ಸಾಲಿಗೆ ಸೇರಸ್ತೀನಿ.”

“ಖರೇವೇನ್ರಿ?”

“ಖರೇ.”

ಪಾಠ ಒಲೆಯ ಮುಂದೆ ಶುರುವಾಯಿತು. ಅವನು ಗೋಡೆಗೆ ಒರಗಿ ಪುಸ್ತಕ ನೋಡಿ ಹೇಳಬೇಕು, ಅವಳು ರೊಟ್ಟಿ ಬಡಿಯುತ್ತಾ ತಿರುಗಿ ಹೇಳಬೇಕು. ಮೈ ಡಿಯರ್. ಡಾರ್ಲಿಂಗ್. ಐ ಲವ್ ಯೂ. ಗಂಡ ಮನೆಗೆ ಬರುವ ಹೊತ್ತಿಗೆ ಬಾಗಿಲಲ್ಲಿ ನಿಂತು ಕರೆಯಲು ಒಂದು ಪೂರ್ತಿ ಮಾತೇ ಇತ್ತು: ಕಮ್ ಹೋಮ್, ಡಾರ್ಲಿಂಗ್. ಸತ್ಯಮ್ಮನಿಗೆ ಉಚ್ಚಾರ ಬೇಗ ಹಿಡಿಯಿತು. ಅರ್ಥ ಹಿಡಿಯಲಿಲ್ಲ. ಸ್ವೀಟ್‌ಹಾರ್ಟ್ ಅಂದರೆ ಸಿಹಿ ಎದೆ ಎಂದು ಅವನು ಬಿಡಿಸಿ ಹೇಳಿದಾಗ, ಹೊರಗೆ ಚರ್ಮ ನೆನೆಹಾಕುತ್ತಿದ್ದ ಸುಂಕಣ್ಣ, ಕುರಿ ಎದಿಗೆ ಖಾರ ಹಾಕಿದ್ರನ ರುಚಿ, ಸಿಹಿ ಹಾಕಿ ಯಾರು ತಿಂತಾರಪ್ಪ ಎಂದು ಕೇಳಿದ. ಪ್ರೀತಿಯಲ್ಲಿ ಬೀಳುವುದು ಎಂಬ ಮಾತು ಬಂದಾಗ ಸತ್ಯಮ್ಮ ಹಿಟ್ಟಿನ ಕೈ ನಿಲ್ಲಿಸಿ, ಬಿದ್ದವರನ್ನ ಯಾರು ಎತ್ತತಾರ್ರಿ ಎಂದಳು. ಅದು ಪುಸ್ತಕದಲ್ಲಿ ಇರಲಿಲ್ಲ. ಬಿಳಿಯರು ಹೆಂಡತಿಯನ್ನೂ ಲವ್ ಮಾಡುತ್ತಾರೆ, ಚಹಾವನ್ನೂ ಲವ್ ಮಾಡುತ್ತಾರೆ, ನಾಯಿಯನ್ನೂ ಲವ್ ಮಾಡುತ್ತಾರೆ ಎಂಬುದು ಗೊತ್ತಾದ ಮೇಲಂತೂ, ತಾನು ಇವುಗಳಲ್ಲಿ ಯಾವ ಸಾಲಿನವಳು ಎಂಬ ಗೊಂದಲ ಅವಳಿಗೆ ಹೋಗಲೇ ಇಲ್ಲ.

ಒಮ್ಮೆ ಅವಳೇ ಕೇಳಿದಳು.

“ಹಸುವಾಗೈತಿ ಅನ್ನೋದಕ್ಕ ಏನಂತಾರ್ರಿ? ಬ್ಯಾಡ ಅನ್ನೋದಕ್ಕ?”

“ಅವೆಲ್ಲಾ ಸಾಲ್ಯಾಗ ಕಲೀವಂತಿ. ಮೊದಲು ಇವು.”

ಹೆಣ್ಣಿಗೆ ಮೊದಲು ಏನು ಕಲಿಸಬೇಕು ಎಂಬುದನ್ನು ಗಂಡಸರು ಎಲ್ಲ ಭಾಷೆಯಲ್ಲೂ ಹೀಗೇ ತೀರ್ಮಾನಿಸಿದ್ದಾರೆ.

ಒಂದು ಸಂಜೆ ಅವನು ಓಣಿ ತಿರುಗಿದ್ದನ್ನು ಕಂಡು ಸತ್ಯಮ್ಮ ಬಾಗಿಲಲ್ಲಿ ನಿಂತು, ಕಣ್ಣು ಮುಚ್ಚಿಕೊಂಡು ಕಮ್ ಹೋಮ್, ಡಾರ್ಲಿಂಗ್ ಎಂದಳು. ಅವನ ಹಿಂದೆಯೇ ಮಿಲ್ಲಿನಿಂದ ಬರುತ್ತಿದ್ದ ಊರಮ್ಮನ ತಲೆಯ ಮೇಲೆ ಸೌದೆಯ ಹೊರೆ ಇತ್ತು. ಹೊರೆ ಇಳಿಸದೆಯೇ, ಹಂಗಂದ್ರೇನು ಎಂದು ಕೇಳಿದಳು. ಪಕ್ಕೀರಪ್ಪ ಹೆಮ್ಮೆಯಿಂದ, ಅದು ಹೆಂಡತಿ ಗಂಡನ್ನ ಕರೆಯೋ ಮಾತು, ಡಾರ್ಲಿಂಗ್ ಅಂದ್ರ ನಾನ ಎಂದ.

“ನಿನ್ನ ಕರೆಯೋ ಮಾತಂದ್ರ ಅದು ನಿನ್ನ ಹೆಸರಾತು.”

“ಹೆಸರಲ್ಲಬೇ ಅದು.”

“ಮಾರಿಗೆ ಮಾರಿ ಕೊಟ್ಟು ಏನಂದು ಕರೀತಾರೋ ಅದ ಹೆಸರು. ಗಂಡನ ಹೆಸರು ಹಿಡದಾಳ ನಿನ್ನ ಹೆಂಡ್ತಿ. ಅದೂ ದೀಪ ಹಚ್ಚೋ ಹೊತ್ತಿನ್ಯಾಗ.”

ಗಂಡನ ಹೆಸರು ಹಿಡಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂಬುದು ಆ ಮನೆಯಲ್ಲಿ ಒಲೆಯಷ್ಟೇ ಹಳೆಯ ಮಾತು. ಮಗ ಹುಟ್ಟಿದ ಮೇಲೆ ಊರಮ್ಮ ಸುಂಕಣ್ಣನನ್ನು ಪಕ್ಕೀರನ ಅಪ್ಪ ಎನ್ನುತ್ತಿದ್ದಳು. ಹುಟ್ಟುವ ಮೊದಲು ಮೆಟ್ಟಿನವ ಎನ್ನುತ್ತಿದ್ದಳು. ಬಿಳಿಯರ ಹೆಂಗಸರು ದಿನಾ ಹಿಂಗ ಕರೀತಾರ, ಅವರ ಗಂಡಂದಿರಿಗೆ ಏನಾಗೈತಿ ಹೇಳು ಎಂದು ಪಕ್ಕೀರಪ್ಪ ವಾದಿಸಿದ.

“ಏನಾಗೈತಿ? ಎಲ್ಲದಾರ ತೋರ್ಸು. ಎಲ್ಲಾ ಹಡಗು ಹತ್ತಿ ಹೋದ್ರಲ್ಲ.”

ಸುಂಕಣ್ಣ ನಕ್ಕುಬಿಟ್ಟ. ಆದರೆ ವಾರ ಕಳೆಯುವುದರೊಳಗೆ ಪಕ್ಕೀರಪ್ಪ ಜ್ವರ ಬಂದು ಮಲಗಿದ. ಬಳ್ಳಾರಿಯ ಮೇ ತಿಂಗಳಲ್ಲಿ ಜ್ವರ ಬರಲು ಹೆಸರು ಹಿಡಿಯಬೇಕಾಗಿಲ್ಲ. ಬಿಸಿಲೇ ಸಾಕು. ಊರಮ್ಮ ಅದನ್ನು ಕೇಳುವ ಸ್ಥಿತಿಯಲ್ಲಿರಲಿಲ್ಲ. ಸೊಸೆಯನ್ನು ಒಲೆಯ ಹತ್ತಿರವೂ ಬಿಡಲಿಲ್ಲ, ಮಗನ ಹತ್ತಿರವೂ ಬಿಡಲಿಲ್ಲ. ಗಂಜಿ ತಾನೇ ಕಾಯಿಸಿದಳು. ಸತ್ಯಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಾ ಲೆಕ್ಕ ಹಾಕಿದಳು: ಆ ಮಾತು ಆಡಿದರೆ ಗಂಡ ಉಳಿಯುವುದಿಲ್ಲ, ಆಡದಿದ್ದರೆ ಸಾಲಿ ಇಲ್ಲ. ಎರಡರಲ್ಲಿ ಒಂದನ್ನಾದರೂ ನಂಬದೇ ಇರಲು ಅವಳಿಗೆ ಧೈರ್ಯ ಸಾಲಲಿಲ್ಲ.

ಕೊನೆಗೆ ಊರಮ್ಮ ಕುರುಗೋಡಿನಿಂದ ತನ್ನ ಅಕ್ಕ ಸುಂಕಲಮ್ಮನನ್ನು ಕರೆಸಿದಳು. ಸುಂಕಲಮ್ಮ ಬಸ್ಸಿಳಿದು ಬಂದವಳೇ ಮೊದಲು ಊಟ ಕೇಳಿದಳು. ಉಂಡು, ಎಲೆ ಅಡಿಕೆ ಹಾಕಿಕೊಂಡು, ಎಲ್ಲರ ಮಾತನ್ನೂ ಒಂದೊಂದಾಗಿ ಕೇಳಿದಳು. ಪಕ್ಕೀರಪ್ಪನ ಜ್ವರ ಅಷ್ಟರಲ್ಲಿ ಬಿಟ್ಟಿತ್ತು. ಆ ಹುಡುಗಿ ತಾನಾಗಿ ಅಂದಳೋ, ಇವನು ಅನ್ನಿಸಿದನೋ ಎಂದು ದೊಡ್ಡವ್ವ ವಿಚಾರಿಸಿದಳು. ಅನ್ನಿಸಿದ ಎಂದು ತಿಳಿದಾಗ, ಹಾಗಾದರೆ ಅರ್ಧ ತಪ್ಪು ಇವನದೇ ಎಂದು ಇಬ್ಬರ ನಾಲಗೆಯ ಮೇಲೂ ಒಂದೊಂದು ಹರಳು ಉಪ್ಪು ಇಡಿಸಿದಳು. ಅತ್ತೆಗೂ ಸೊಸೆಗೂ ಒಪ್ಪಿಗೆಯಾಗುವಂತೆ ಒಂದು ತೀರ್ಪು ಕೊಟ್ಟಳು.

“ಹೊಸ್ತಿಲ ಒಳಗ ದೇವರು ಅದಾವು, ಹಿರೇರು ಅದಾರ. ಒಳಗ ಬ್ಯಾಡ. ಹೊರಗ ಬೇಕಾದ್ದು ಒದರ್ಲಿ. ಹೊರಗಿಂದು ಯಾರ ಲೆಕ್ಕಕ್ಕೂ ಇಲ್ಲ.”

ಇದು ಹಿರಿಯರ ಕಾಲದಿಂದ ಬಂದ ಪದ್ಧತಿಯೋ, ಸುಂಕಲಮ್ಮ ಆ ಗಳಿಗೆಯಲ್ಲೇ ಹೊಲಿದದ್ದೋ ಯಾರಿಗೂ ತಿಳಿಯಲಿಲ್ಲ. ಯಾರೂ ಕೇಳಲೂ ಇಲ್ಲ. ಪಕ್ಕೀರಪ್ಪ ಮಾತ್ರ ತಲೆ ಕೆರೆದುಕೊಂಡ. ಪುಸ್ತಕದ ಪ್ರಕಾರ ಈ ಮಾತುಗಳೆಲ್ಲ ಮನೆಯೊಳಗೆ, ಗಂಡ ಹೆಂಡತಿ ಇಬ್ಬರೇ ಇದ್ದಾಗ ಆಡುವಂಥವು. ಇವನ ಮನೆಯಲ್ಲಿ ಅವು ಬೀದಿಯಲ್ಲಿ ಮಾತ್ರ ಆಡಬಹುದಾದ ಮಾತುಗಳಾದವು.

ಸತ್ಯಮ್ಮ ಅಂದಿನಿಂದ ನಳದ ಹತ್ತಿರ ಕೊಡ ತುಂಬುವವರೆಗೆ ಬಾಯಿಪಾಠ ಮಾಡಿದಳು. ಹೆಂಗಸರು, ಯಾರಿಗೆ ಹೇಳ್ತಿಯೇ, ಕೊಡಕ್ಕೇನು ಎಂದು ಛೇಡಿಸಿದರು. ಸ್ವಲ್ಪ ದಿನದಲ್ಲಿ ಅವರಿಗೂ ಬಂದುಬಿಟ್ಟಿತು. ತಪ್ಪಿಸಿಕೊಂಡು ಹೋದ ಕೋಳಿಯನ್ನೂ, ಸಾರಾಯಿ ಅಂಗಡಿಯಲ್ಲಿ ಕೂತ ಗಂಡನನ್ನೂ ಕೇರಿಯ ಹೆಂಗಸರು ಒಂದೇ ರಾಗದಲ್ಲಿ ಕಮ್ ಹೋಮ್ ಡಾರ್ಲಿಂಗ್ ಎಂದು ಕರೆಯತೊಡಗಿದರು. ಕಚೇರಿಗೆ ಹೊರಟ ಪಕ್ಕೀರಪ್ಪ ನಾಚಿ ಓಣಿಯ ಅಂಚು ಹಿಡಿದು ನಡೆಯುತ್ತಿದ್ದ. ಊರಮ್ಮನೊಬ್ಬಳು ಆ ಮಾತು ಆಡಲಿಲ್ಲ.

ಜೂನ್ ಬಂತು, ಕೂಟದ ದಿನವೂ ಬಂತು. ಹೆಡ್ ಗುಮಾಸ್ತರ ಮನೆ ಕೋಟೆ ಗುಡ್ಡದ ಕೆಳಗಿನ ಓಣಿಯಲ್ಲಿತ್ತು. ಪಕ್ಕೀರಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಸತ್ಯಮ್ಮ ಮದುವೆಯ ಸೀರೆ ಉಟ್ಟಿದ್ದಳು. ಬಾಗಿಲಲ್ಲಿ ಹೆಡ್ ಗುಮಾಸ್ತರು ಬಾರಯ್ಯ ಬಾರಯ್ಯ ಎಂದು ನಗುನಗುತ್ತಲೇ ಅವನಿಗೆ ಹೊರಗಿನ ಕಟ್ಟೆಯ ಕಡೆ ಕೈ ತೋರಿದರು. ಉಳಿದ ಗುಮಾಸ್ತರು ಪಡಸಾಲೆಯ ಜಮಖಾನದ ಮೇಲೆ ಕೂತಿದ್ದರು. ಅವರ ಹೆಂಡತಿಯರು ಒಳಮನೆಯಲ್ಲಿದ್ದರು. ಸತ್ಯಮ್ಮನಿಗೆ ಹಿತ್ತಲ ದಾರಿ ತೋರಿಸಿದರು. ಅಲ್ಲಿ ದನದ ಗೂಟದ ಪಕ್ಕ ಅವಳು ನಿಂತಳು.

ನಿಂತಲ್ಲಿಂದ ಅವಳಿಗೆ ಒಳಮನೆಯೂ ಕಾಣುತ್ತಿತ್ತು, ಪಕ್ಕದ ಸಂದಿಯಿಂದ ಕಟ್ಟೆಯೂ ಕಾಣುತ್ತಿತ್ತು. ಇಂಗ್ಲಿಷ್ ಕಲಿತ ಗಂಡಂದಿರ ಹೆಂಡತಿಯರು ಹೇಗೆ ಮಾತಾಡುತ್ತಾರೆ ಎಂದು ಕುತೂಹಲದಿಂದ ನೋಡಿದಳು. ಅವರು ಮಾತೇ ಆಡಲಿಲ್ಲ. ಪಡಸಾಲೆಯಿಂದ ಯಾರೋ ಕೆಮ್ಮಿದರೆ ಒಬ್ಬಳು ಎದ್ದು ನೀರು ಕೊಡುತ್ತಿದ್ದಳು. ಯಾರೋ ಏ ಎಂದರೆ ಇನ್ನೊಬ್ಬಳು ಎಲೆ ತಟ್ಟೆ ಇಟ್ಟು ಬರುತ್ತಿದ್ದಳು. ಡಾರ್ಲಿಂಗ್ ಎಂಬುದು ಜಮಖಾನದ ಮೇಲಿನ ಗಂಡಸರು ತಮ್ಮತಮ್ಮಲ್ಲೇ ಆಡಿಕೊಳ್ಳುವ ಮಾತೇನೋ ಎಂದು ಅವಳಿಗೆ ಅನಿಸಿತು.

ಕಾಫಿ ಬಂತು. ಪಡಸಾಲೆಗೆ ಬೆಳ್ಳಿಯಂತೆ ಹೊಳೆಯುವ ಲೋಟಗಳಲ್ಲಿ ಹೋಯಿತು. ಒಬ್ಬ ಮುದುಕಿ ಹಿತ್ತಲಿಗೆ ಬಂದು ಸತ್ಯಮ್ಮನ ಮುಂದೆ ನೆಲದ ಮೇಲೆ ಒಂದು ತೆಂಗಿನ ಕರಟ ಇಟ್ಟು, ದೂರದಿಂದ ಬಗ್ಗಿ ಎತ್ತರದಿಂದ ಸುರಿದಳು. ಅರ್ಧ ಕಾಫಿ ಮಣ್ಣಿಗೆ ಬಿತ್ತು. ಸತ್ಯಮ್ಮ ಅದನ್ನು ಮುಟ್ಟಲಿಲ್ಲ. ಸಂದಿಯ ಕಡೆ ನೋಡಿದಳು. ಪಕ್ಕೀರಪ್ಪನ ಕೈಯಲ್ಲೂ ಕರಟವಿತ್ತು. ಅವನು ನಗುತ್ತಾ ಕುಡಿಯುತ್ತಿದ್ದ. ಅವನ ಜೊತೆಯ ಗುಮಾಸ್ತ ಒಬ್ಬ ಬಾಗಿಲಿಗೆ ಬಂದು, ಏನಯ್ಯ ನಿನ್ನ ಹೆಂಡತಿಗೆ ಇಂಗ್ಲಿಷ್ ಬರುತ್ತಂತಲ್ಲ, ಒಂದು ಮಾತು ಆಡಿಸು ಕೇಳೋಣ ಎಂದ. ಗಿಳಿಗೆ ಹೇಳುವ ಹಾಗೆ ಹೇಳಿದ. ಪಕ್ಕೀರಪ್ಪ ಹಿತ್ತಲ ಕಡೆ ತಿರುಗಿ, ಹೇಳು ಎಂದು ಕಣ್ಣಲ್ಲೇ ಸನ್ನೆ ಮಾಡಿದ.

ಸತ್ಯಮ್ಮ ಸಂದಿಯಿಂದ ನಡೆದು ಮುಂದಿನ ಅಂಗಳಕ್ಕೆ ಬಂದಳು. ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದಳು.

“ಕಮ್ ಹೋಮ್, ಡಾರ್ಲಿಂಗ್.”

ಪಡಸಾಲೆಯಲ್ಲಿ ನಗು ಎದ್ದಿತು. ಭೇಷ್, ಭೇಷ್ ಎಂದರು. ಪಕ್ಕೀರಪ್ಪನೂ ಮೊದಲು ನಕ್ಕ. ಅವಳು ನಗುತ್ತಿಲ್ಲ ಎಂಬುದನ್ನು ಅವನು ಆಮೇಲೆ ಕಂಡ. ಅವಳು ಪಾಠ ಒಪ್ಪಿಸುತ್ತಿರಲಿಲ್ಲ. ಅವನನ್ನು ಕರೆಯುತ್ತಿದ್ದಳು.

“ಕಮ್ ಹೋಮ್, ಡಾರ್ಲಿಂಗ್,” ಎಂದು ಇನ್ನೊಮ್ಮೆ ಅಂದಳು. ಈ ಸಲ ಮೆಲ್ಲಗೆ.

ಅವನು ಕರಟದೊಳಗೆ ನೋಡುತ್ತಾ ಕೂತ. ಏಳಲಿಲ್ಲ. ಸತ್ಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಣಿಗಿಳಿದು ಒಬ್ಬಳೇ ನಡೆದಳು.

ಅವನು ಮನೆಗೆ ಬಂದಾಗ ಎಲ್ಲರೂ ಊಟಕ್ಕೆ ಕೂತಿದ್ದರು. ಬರುತ್ತಲೇ ಕೂಗಾಡಿದ. ತನ್ನ ಮಾನ ಹೋಯಿತು, ಹಿರಿಯರ ಮನೆಯಲ್ಲಿ ಹೇಗಿರಬೇಕೆಂದು ತಿಳಿಯದವಳಿಗೆ ಸಾಲಿ ಯಾಕೆ, ಈ ವರ್ಷ ಇಲ್ಲ, ಮುಂದಿನ ವರ್ಷವೂ ಇಲ್ಲ ಎಂದ. ಸತ್ಯಮ್ಮ ಬಂದಾಗಿನಿಂದ ಕೂಟದ ವಿಷಯ ಯಾರಿಗೂ ಹೇಳಿರಲಿಲ್ಲ. ಊರಮ್ಮ ಪುಂಡಿಪಲ್ಯ ಬಡಿಸುತ್ತಾ ಮಗನನ್ನು ಕೇಳಿದಳು.

“ಕಾಫಿ ಕುಡದೇನು?”

“ಕುಡದೆ.”

“ಯಾತರಾಗ ಕೊಟ್ರು?”

ಪಕ್ಕೀರಪ್ಪ ತಡವರಿಸಿದ. “ಕರಟದಾಗ.”

“ಇಕಿಗೆ?”

“ಇಕಿಗೂ.”

“ಇಕಿ ಕುಡದಳೇನು?”

ಸುಂಕಣ್ಣ ತುತ್ತು ಕೈಯಲ್ಲೇ ಹಿಡಿದುಕೊಂಡು, ಸೋಲ್ಜರ ಬೂಟು ನೆಕ್ಕೋದೊಂದು ಬಿಟ್ಟು ಎಲ್ಲಾ ಮಾಡೀನಪ್ಪ ನಾನು, ನಿನ್ನ ಓದ್ಸಿದ್ದು ಇದಕ್ಕೇನು ಎಂದು ಮಾತ್ರ ಕೇಳಿ ಎದ್ದು ಕೈ ತೊಳೆದ. ಕಾಲ ಬದಲಾಗ್ತೈತಿ, ಒಮ್ಮೆಲೇ ಆಗಂಗಿಲ್ಲ, ಮನೀತನಕ ಕರದ್ರಲ್ಲ ಎಂದು ಪಕ್ಕೀರಪ್ಪ ಹೇಳುತ್ತಲೇ ಹೋದ. ಹೇಳಿದಷ್ಟೂ ಅವನ ಮಾತು ಅವನಿಗೇ ಬೇರೆ ಯಾರದೋ ಎನಿಸುತ್ತಿತ್ತು.

ಬೆಳಿಗ್ಗೆ ಊರಮ್ಮ ಮಿಲ್ಲಿಗೆ ಹೋಗಲಿಲ್ಲ. ಸೊಸೆಯ ಕೈ ಹಿಡಿದು ಮಿಷನ್ ಕಂಪೌಂಡಿಗೆ ಕರೆದೊಯ್ದಳು. ಅಲ್ಲಿನ ಪಂತುಲಮ್ಮ ಗುಂಟೂರು ಕಡೆಯವಳು, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಮಾತಾಡುತ್ತಿದ್ದಳು. ಗಂಡ ಬರಬೇಕು ಕದಮ್ಮಾ, ಅದು ರೂಲು ಎಂದಳು. ಗಂಡನ್ನ ಹಡದಾಕಿ ನಾನ ಬಂದೀನಲ್ಲ, ಅವಂಗಿಂತ ನಾನು ಸಣ್ಣಾಕೇನು ಎಂದು ಊರಮ್ಮ ವಾದಿಸಿದಳು. ಪಂತುಲಮ್ಮನಿಗೆ ನಗು ಬಂತು, ಗೊಂದಲವೂ ಆಯಿತು. ಕೊನೆಗೆ ಈ ವಾರ ಕೂರಲಿ, ಶನಿವಾರದೊಳಗೆ ಗಂಡ ಬಂದು ಹೇಳದಿದ್ದರೆ ಕಳಿಸಬೇಕಾಗುತ್ತದೆ ಎಂದಳು.

ಊರಮ್ಮ ಮನೆಗೆ ಬಂದು ಮಗನಿಗೆ ಇದನ್ನು ಹೇಳಲಿಲ್ಲ. ಸುಂಕಣ್ಣ ಹೇಳಿದ. ಆ ವಾರ ಗಂಡ ಹೆಂಡತಿಯ ನಡುವೆ ಯಾವ ಭಾಷೆಯ ಮಾತೂ ಇರಲಿಲ್ಲ. ಕಚೇರಿಯಲ್ಲಿ ಗುಮಾಸ್ತರು ಅವನನ್ನು ಡಾರ್ಲಿಂಗ್ ಎಂದೇ ಕರೆಯತೊಡಗಿದ್ದರು. ಕಡತ ಕೊಡುವಾಗ, ಡಾರ್ಲಿಂಗ್ ಇದು ತಗೋ ಎನ್ನುವರು. ಸಂಜೆ ಹೊರಡುವಾಗ ಎಲ್ಲರೂ ಒಟ್ಟಿಗೆ ರಾಗ ಎಳೆಯುವರು. ಒಂದು ದಿನ ಅವನು ಮಡಕೆಯ ಹತ್ತಿರ ಹೋಗಿ, ಯಾರನ್ನೂ ಕೇಳದೆ ನೀರು ಬಗ್ಗಿಸಿಕೊಂಡು ಕುಡಿದ. ರಾಗ ನಿಂತಿತು. ಮರುದಿನ ಅಲ್ಲಿ ಮಡಕೆಯೇ ಇರಲಿಲ್ಲ.

ಶನಿವಾರ ಅರ್ಧ ದಿನದ ಕಚೇರಿ ಮುಗಿಸಿ ಬಂದಾಗ ಮನೆಯಲ್ಲಿ ಅಡುಗೆ ಆಗಿರಲಿಲ್ಲ. ಊರಮ್ಮ ಮಿಲ್ಲಿನಿಂದ ಆಗಷ್ಟೇ ಬಂದು ಕಾಲು ಚಾಚಿ ಕೂತಿದ್ದಳು. ಎಸರು ಕುದೀತೈತಿ, ಹಿಟ್ಟು ಅಲ್ಲೈತಿ, ನನ್ನ ರಟ್ಟಿ ನೋಯ್ತಾವು ಎಂದಳು. ಪಕ್ಕೀರಪ್ಪ ಅಂಗಿ ಕಳಚಿ ಕೂತ. ಹಿಟ್ಟು ಬೆರಳಿಗೆಲ್ಲ ಮೆತ್ತಿತು. ಬಡಿದ ರೊಟ್ಟಿಗಳೆಲ್ಲ ಒಂದು ಕಡೆ ದಪ್ಪ, ಒಂದು ಕಡೆ ಹರಕು.

“ಅಕಿಗೆ ನನ್ನ ಮ್ಯಾಲೆ ಸಿಟ್ಟು ಐತೇನಬೇ?”

“ನನಗೇನು ಗೊತ್ತಲೇ. ಅಕಿನ್ನ ಕೇಳು.”

“ಏನಂತ ಕೇಳ್ಲಿ?”

ಊರಮ್ಮ ಮಗನ ಕೈಯನ್ನೂ ಹಂಚಿನ ಮೇಲಿನ ರೊಟ್ಟಿಯನ್ನೂ ನೋಡಿದಳು. ರೊಟ್ಟಿ ಹೊಗೆಯಾಡಿತು. ಅವನು ಅದನ್ನು ಕಿತ್ತು ಬುಟ್ಟಿಗೆ ಹಾಕಿ, ಕೈ ತೊಳೆದು, ಅಂಗಿ ತೊಟ್ಟು ಹೊರಟ.

ಮಿಷನ್ ಕಂಪೌಂಡಿನ ಹುಣಸೆಮರದ ಕೆಳಗೆ ಹೆಂಗಸರು ಒಟ್ಟಿಗೆ ಮಗ್ಗಿ ಹೇಳುತ್ತಿದ್ದರು. ಸತ್ಯಮ್ಮ ಅವನನ್ನು ಕಂಡಳು. ಮಗ್ಗಿ ನಿಲ್ಲಿಸಲಿಲ್ಲ. ಪಂತುಲಮ್ಮ ಎದ್ದು ಬಂದು ಯಾರು ಬೇಕು ಎಂದಳು. ಅವನು ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ಜೋಡಿಸಿಕೊಂಡು ಬಂದದ್ದೆಲ್ಲ ಅಲ್ಲಿಗೆ ಬಂದಾಗ ಚದುರಿಹೋಯಿತು.

“ನಾನು ಸತ್ಯಮ್ಮನ ಗಂಡರಿ. ನನ್ನ ಒಪ್ಪಿಗಿ ಐತಿ ಅಂತ ಹೇಳಾಕ ಬಂದೀನಿ.”

ಪಂತುಲಮ್ಮ ಆಯಿತು ಎಂದು ಒಳಗೆ ಹೋದಳು. ಹೇಳುವುದು ಅಷ್ಟೇ ಇತ್ತು. ಇನ್ನು ಹೋಗಬೇಕೋ, ನಿಲ್ಲಬೇಕೋ ಅವನಿಗೆ ತಿಳಿಯಲಿಲ್ಲ. ಬಿಸಿಲಲ್ಲೇ ನಿಂತ. ಸಾಲಿ ಬಿಟ್ಟ ಮೇಲೆ ಸತ್ಯಮ್ಮ ಹಲಗೆಯನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತಾ ಬಂದಳು.

“ಹಸುವಾಗೈತಿ,” ಎಂದಳು ಅವಳು. “ಮನ್ಯಾಗ ಏನೈತಿ?”

“ರೊಟ್ಟಿ. ನಾನ ಬಡಿದೀನಿ. ದುಂಡಗಾಗಿಲ್ಲ.”

“ಸುಟ್ಟಾವೇನು?”

“ಒಂದು ಸುಟ್ಟೈತಿ.”

ಸತ್ಯಮ್ಮ ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಅವನನ್ನು ದಾಟಿ ಮುಂದೆ ನಡೆದಳು.

“ಅದು ನಿಮಗ,” ಎಂದಳು.